ಕಿವಿಗೆ ಕೇಳದ ಸದ್ದಿಗೂ ದುಡ್ಡು ಕೊಡಬೇಕಾ?

‘ಹೈ-ರೆಸ್ ಆಡಿಯೊ’ ಅಂತ ಲೇಬಲ್ ಬಿದ್ದರೆ ಹೆಡ್‌ಫೋನಿನ ಬೆಲೆಯೂ ಮೇಲೇರುತ್ತೆ. 40 ಕಿಲೋಹರ್ಟ್ಸ್‌ವರೆಗಿನ ಸದ್ದನ್ನೂ ಹೊರಡಿಸುತ್ತೆ ಅನ್ನೋದು ಅದರ ಹೆಗ್ಗಳಿಕೆ. ಆದರೆ ಮನುಷ್ಯರ ಕಿವಿಯ ಮಿತಿ ಸುಮಾರು 20 ಕಿಲೋಹರ್ಟ್ಸ್. ವಯಸ್ಸಾದಂತೆ ಅದೂ ಇಳಿಯುತ್ತದೆ. ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆಯುವ ಹಳೇ ಸಿಡಿ, ಅದರ ಅರ್ಧ, ಅಂದರೆ 22 ಕಿಲೋಹರ್ಟ್ಸ್‌ವರೆಗೆ ಹಿಡಿದಿಡುತ್ತದೆ. ಕಿವಿಗೆ ಅಷ್ಟು ಸಾಕು.

ಹಾಗಂತ ಯಾರೂ ಪರೀಕ್ಷೆ ಮಾಡಿಲ್ಲ ಅಂತಲ್ಲ. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್, ಯಾವುದು ಯಾವುದೆಂದು ಹೇಳದೆ ಹೈ-ರೆಸ್ ಮತ್ತು ಸಿಡಿ ಗುಣಮಟ್ಟ ಎರಡನ್ನೂ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯುತ್ತರ ಶೇ 49.8. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು!

2016ರಲ್ಲಿ ಲಂಡನ್ನಿನ ಜೋಶುವಾ ರೈಸ್ 18 ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಸಿಕ್ಕಿದ್ದು ಶೇ 52.3. ತರಬೇತಿ ಪಡೆದವರು ಇನ್ನೂ ಚೆನ್ನಾಗಿ ಗುರುತಿಸಿದರು. ಅಂದರೆ ಸಣ್ಣ ವ್ಯತ್ಯಾಸ ಇದೆ. ಆದರೆ ಅದಕ್ಕೆ ಶ್ರವಣಾತೀತ ಧ್ವನಿಯೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ. ಆ ಧ್ವನಿಗಳು ಸ್ಪೀಕರಿನೊಳಗೇ ಬೆರೆತು, ಕಿವಿಗೆ ಕೇಳುವಂಥ ಅಡ್ಡಸದ್ದು ಹುಟ್ಟಿಸಲೂಬಹುದು.

ಒಳ್ಳೇ ರೆಕಾರ್ಡಿಂಗಿಗೆ ದುಡ್ಡು ಕೊಡಿ ಅಂತಲೇ ನಾನು ಹೇಳೋದು. ಬರೀ ದೊಡ್ಡ ಸಂಖ್ಯೆಗೆ ಬೇಡ. ಸರ್ಕಾರದ ಅಂಕಿಅಂಶಗಳನ್ನು ಪ್ರಶ್ನಿಸುವ ನಾವು ಕಂಪನಿಗಳ ಅಂಕಿಗಳನ್ನು ಯಾಕೆ ಸುಮ್ಮನೆ ನಂಬಬೇಕು?