ಪ್ರೆಸ್ಸಿನ ಅಟ್ಟದಲ್ಲಿ ಕಬಡ್ಡಿ

ಕೊಪ್ಪದ ಪೇಟೆಗೆ ಸಂತೆಯ ದಿನ ಹೋದರೆ ಮಾತಾಡಲು ಯಾರೂ ಸಿಗುವುದಿಲ್ಲ. ಬೇರೆ ದಿನ ಹೋದರೆ ಮಾತು ನಿಲ್ಲಿಸುವವರು ಸಿಗುವುದಿಲ್ಲ. ನಾನು ಹೋದದ್ದು ಬೇರೆ ದಿನ. ಹೋದ ಕೆಲಸ ಮಲೆನಾಡಿನ ಕಬಡ್ಡಿ, ವಾಲಿಬಾಲ್ ತಂಡಗಳ ಹಳೆಯ ಕರಪತ್ರ ಹುಡುಕುವುದು. ಸಿಕ್ಕವರು ಒಂದು ಪ್ರಿಂಟಿಂಗ್ ಪ್ರೆಸ್ಸಿನ ಹಿರಿಯರು, ಮೊಳೆ ಜೋಡಿಸುವ ಹುಡುಗನಾಗಿ ಸೇರಿಕೊಂಡು ಈಗ ಆ ಅಂಗಡಿಯನ್ನೇ ನೋಡಿಕೊಳ್ಳುತ್ತಿರುವವರು.

ಅಂಗಡಿಯ ಮುಂಭಾಗದಲ್ಲಿ ಜೆರಾಕ್ಸ್ ಯಂತ್ರ, ಕಂಪ್ಯೂಟರ್, ಮದುವೆ ಕಾಗದದ ಮಾದರಿಗಳ ಆಲ್ಬಂ. ಹಿಂಭಾಗದಲ್ಲಿ ಗೋಣಿ ಹೊದ್ದ ಟ್ರೆಡಲ್ ಮಷಿನ್. ಮೇಲೆ ಅಟ್ಟ. ಏಣಿ ಹತ್ತಿ ಅವರು ಇಳಿಸಿದ ಕಟ್ಟುಗಳಲ್ಲಿ ತಿಳಿಗುಲಾಬಿ, ಹಳದಿ, ಹಸಿರು ಬಣ್ಣದ ತೆಳು ಕಾಗದಗಳು, ಕಂಬಿಗೆ ಚುಚ್ಚಿ ಇಟ್ಟವು. ಅಚ್ಚಾದ ಪ್ರತಿಯೊಂದರಲ್ಲೂ ಒಂದು ಪ್ರತಿ ಇಟ್ಟುಕೊಳ್ಳುವುದು ಅವರ ರೂಢಿ. ಇತಿಹಾಸಪ್ರಜ್ಞೆಯೇ ಎಂದು ಕೇಳಿದೆ. "ಎಂತ ಇತಿಹಾಸ ಮಾರಾಯ್ರೆ! ಮುಂದಿನ ವರ್ಷ ಬಂದು 'ಹೋದ ವರ್ಷದ ಹಾಗೇ ಇರ್ಲಿ' ಅಂತಾರೆ. ಹೋದ ವರ್ಷದ್ದು ಅವರ ಹತ್ರ ಇರಲ್ಲ. ನನ್ನ ಹತ್ರ ಇದ್ರೆ ತಾರೀಕು, ಅಧ್ಯಕ್ಷರ ಹೆಸರು ಬದಲಾಯಿಸಿದ್ರೆ ಆಯ್ತು."

ಹೀಗೆ ವ್ಯಾಪಾರದ ಅನುಕೂಲಕ್ಕೆ ಕೂಡಿಟ್ಟದ್ದು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಆಟದ ಕಥೆಗೆ ನನಗೆ ಸಿಕ್ಕ ಒಂದೇ ಕಡತ. ತಂಡಗಳ ಬಳಿ ಏನೂ ಇಲ್ಲ. ಯುವಕ ಸಂಘಗಳು ಹುಟ್ಟುತ್ತವೆ, ಅಡಿಕೆ ಕೊಯ್ಲು ಮುಗಿದ ಮೇಲೆ ಪಂದ್ಯಾವಳಿ ನಡೆಸುತ್ತವೆ, ನಾಲ್ಕು ಜನ ಬೆಂಗಳೂರಿಗೆ ಹೋದೊಡನೆ ಕರಗುತ್ತವೆ. ಉಳಿಯುವುದು ಕಾಗದ, ಅದೂ ಅಟ್ಟದಲ್ಲಿದ್ದರೆ.

ಹಳೆಯ ಕರಪತ್ರಗಳಿಗೆ ಒಂದು ಗತ್ತಿದೆ. ಮೇಲೆ ಊರ ದೇವರ ಪ್ರಸನ್ನ, ಅದರ ಕೆಳಗೆ ದಪ್ಪ ಮೊಳೆಯಲ್ಲಿ 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ', ಆಮೇಲೆ ಬಹುಮಾನಗಳ ಸಾಲು. ನಗದು ಕಡಿಮೆ, ಫಲಕ ದೊಡ್ಡದು. ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ ಎಂದು ಬಿಡಿ ಬಹುಮಾನಗಳು. ಕೆಲವು ವಾಲಿಬಾಲ್ ಪಂದ್ಯಗಳಲ್ಲಿ ಗೆದ್ದವರಿಗೆ ಕುರಿ. ಕೊನೆಗೆ ಷರತ್ತುಗಳು: ತೀರ್ಪುಗಾರರ ತೀರ್ಮಾನವೇ ಅಂತಿಮ, ಮೊದಲು ಹೆಸರು ನೋಂದಾಯಿಸಿದ ತಂಡಕ್ಕೆ ಆದ್ಯತೆ, ಅತಿಥಿ ಆಟಗಾರರಿಗೆ ಅವಕಾಶವಿಲ್ಲ. ಈ ಮೂರನೆಯದನ್ನು ಓದಿ ಹಿರಿಯರು ನಕ್ಕರು. ಘಟ್ಟದ ಕೆಳಗಿನಿಂದ ಆಟಗಾರರನ್ನು ದುಡ್ಡು ಕೊಟ್ಟು ಕರೆಸುವುದು ಆಗಲೂ ಇತ್ತಂತೆ. ಕರಪತ್ರ ಬೇಡ ಅನ್ನುತ್ತಿತ್ತು, ಊರಿನ ಮರ್ಯಾದೆ ಬೇಕು ಅನ್ನುತ್ತಿತ್ತು. ವೃತ್ತಿಪರ ಆಟ ಮಲೆನಾಡಿಗೆ ಟಿವಿಯಿಂದ ಬಂತು ಅನ್ನುವವರು ಈ ಷರತ್ತನ್ನು ಓದಬೇಕು.

ಟಿವಿ ಬಂದ ಗುರುತೂ ಕಟ್ಟಿನಲ್ಲಿ ಸ್ಪಷ್ಟ. ಪ್ರೊ ಕಬಡ್ಡಿ ಲೀಗ್ ಶುರುವಾದದ್ದು 2014ರ ಜುಲೈ 26ಕ್ಕೆ. ಅದಾದ ಮೇಲಿನ ಕರಪತ್ರಗಳ ಭಾಷೆಯೇ ಬೇರೆ. 'ಪ್ರೊ ಮಾದರಿ', 'ಮ್ಯಾಟ್ ಅಂಕಣ', '60 ಕೆ.ಜಿ. ವಿಭಾಗ'. ದೇವರ ಹೆಸರಿನ ಪಕ್ಕಕ್ಕೆ ತಂಡದ ಮಾಲೀಕರ ಫೋಟೊ ಬಂದಿದೆ. ಮಾಲೀಕರೆಂದರೆ ಅಡಿಕೆ ವ್ಯಾಪಾರಿ, ಗುತ್ತಿಗೆದಾರ, ಒಮ್ಮೊಮ್ಮೆ ಚುನಾವಣೆಗೆ ನಿಲ್ಲುವ ಅಂದಾಜಿನಲ್ಲಿರುವವರು. ಬೆಂಗಳೂರು ಬುಲ್ಸ್ 2019ರ ಜನವರಿ 5ರಂದು ಮುಂಬೈನಲ್ಲಿ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಕಪ್ ಎತ್ತಿತಲ್ಲ, ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಿದ್ದರು. ಆ ಬೇಸಿಗೆಯ ಕರಪತ್ರಗಳಲ್ಲಿ ಗೂಳಿಯ ಚಿತ್ರ ಎಷ್ಟು ಕಡೆ ಇದೆ ಎಂದರೆ, ಬ್ಲಾಕ್ ಮಾಡಿಸುವ ಕಾಲವಾಗಿದ್ದರೆ ಒಂದೇ ಬ್ಲಾಕಿನಲ್ಲಿ ಲಾಭ ಮಾಡಿಕೊಳ್ಳುತ್ತಿದ್ದೆ ಅಂದರು ಹಿರಿಯರು.

ಬ್ಯಾಸ್ಕೆಟ್‌ಬಾಲ್ ಕರಪತ್ರ ಏನಾದರೂ ಅಚ್ಚಾಗಿದೆಯೇ ಎಂದೂ ಕೇಳಿದೆ. "ಅದು ಶಾಲೆ ಆಟ ಅಲ್ವಾ?" ಅಂದರು. ಅಲ್ಲಿಗೆ ಮುಗಿಯಿತು. ಆದರೆ ಕಾಗದದ ಬೆಲೆ ಏನೆಂದು ತಿಳಿಯಲು ಆ ಆಟದ ಕಡೆ ಒಮ್ಮೆ ನೋಡಬೇಕು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ 13 ನಿಯಮಗಳನ್ನು ಎರಡು ಹಾಳೆಯಲ್ಲಿ ಟೈಪ್ ಮಾಡಿಸಿ ಗೋಡೆಗೆ ಅಂಟಿಸಿದರು. 2010ರಲ್ಲಿ ಆ ಎರಡು ಹಾಳೆ ಹರಾಜಿನಲ್ಲಿ 43 ಲಕ್ಷ ಡಾಲರಿಗೂ ಮೇಲೆ ಹೋಯಿತು. ಅಲ್ಲಿ ತಂಡಗಳ ಹಳೆಯ ಟಿಕೆಟು, ಪಂದ್ಯದ ಪುಸ್ತಿಕೆ, ಆಟಗಾರರ ಚಿತ್ರದ ಕಾರ್ಡು ಎಲ್ಲಕ್ಕೂ ಸಂಗ್ರಾಹಕರಿದ್ದಾರೆ, ದರವಿದೆ. ನಮ್ಮ ರಾಜ್ಯದ ಬ್ಯಾಸ್ಕೆಟ್‌ಬಾಲ್ ಕಥೆ ನೋಡಿ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ತನ್ನ ತಂಡದ ಆಟಗಾರರಿಗೆ ನೌಕರಿ ಕೊಟ್ಟು ಆಡಿಸಿತು. ಸಂಬಳ ಪಡೆದು ಆಡುವುದೇ ವೃತ್ತಿಪರತೆಯಾದರೆ ಅದೂ ವೃತ್ತಿಪರ ತಂಡವೇ. 2019ರ ಏಪ್ರಿಲ್ 1ಕ್ಕೆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು, ಎದೆಯ ಮೇಲಿನ ಹೆಸರು ಹೋಯಿತು. 2015ರಲ್ಲಿ ಶುರುವಾದ ಯುಬಿಎ ಲೀಗಿನಲ್ಲಿ ಬೆಂಗಳೂರು ಬೀಸ್ಟ್ ಎಂಬ ತಂಡವಿತ್ತು. ಲೀಗ್ 2017ಕ್ಕೇ ನಿಂತಿತು. ಅದರ ಪೋಸ್ಟರ್ ಒಂದನ್ನು ಮನೆಯಲ್ಲಿ ಇಟ್ಟುಕೊಂಡವರು ನನ್ನ ಪರಿಚಯದಲ್ಲಂತೂ ಯಾರೂ ಇಲ್ಲ.

ಊರುಗಳ ಬಗ್ಗೆಯೂ ಎರಡು ಮಾತು ಬರೆಯಲೇಬೇಕು. ಶೃಂಗೇರಿ ತುಂಗೆಯ ದಡದ ಶಾರದಾ ಪೀಠ, ಹದಿನಾಲ್ಕನೇ ಶತಮಾನದ ವಿದ್ಯಾಶಂಕರ ದೇವಾಲಯ, ಹನ್ನೆರಡು ರಾಶಿಕಂಬಗಳು. ನರಸಿಂಹರಾಜಪುರ ಹಿಂದೆ ಎಡೇಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಆಮೇಲೆ ಬಂದದ್ದು. ತರೀಕೆರೆಯಿಂದ ಇಲ್ಲಿಗೆ ಒಂದು ಕಾಲದಲ್ಲಿ ಪುಟ್ಟ ಹಳಿಯ ಟ್ರಾಮ್ ಓಡುತ್ತಿತ್ತು. ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿ, ಭದ್ರಾ ಹಿನ್ನೀರು ನೋಡತಕ್ಕವು. ಕೊಪ್ಪಕ್ಕೆ ಅಡಿಕೆ, ಕಾಫಿ, ಮಳೆ.

ಮಳೆಗಿಂತ ದೊಡ್ಡ ದೂರು ಹಿರಿಯರದ್ದು ಬಸ್ಸಿನ ಬಗ್ಗೆ. ಶಂಕರ್ ಟ್ರಾನ್ಸ್‌ಪೋರ್ಟ್ ನಿಂತಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ, ಮೂರು ತಾಲ್ಲೂಕಿಗೂ ಮನೆಯ ಬಸ್ಸಿನಂತಿತ್ತು. ಕರಪತ್ರದ ಕಟ್ಟಿಗೆ ಟ್ವೈನ್ ಸುತ್ತಿ, ಮೇಲೆ ಊರ ಹೆಸರು ಬರೆದು ಕಂಡಕ್ಟರ ಕೈಗೆ ಕೊಟ್ಟರೆ ಮುಗಿಯಿತು. ಜಯಪುರಕ್ಕೊಂದು, ಹರಿಹರಪುರಕ್ಕೊಂದು, ಬಾಳೆಹೊನ್ನೂರಿಗೊಂದು. ಹೋಟೆಲಿನವರು ಇಳಿಸಿಕೊಳ್ಳುತ್ತಿದ್ದರು, ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ದುಡ್ಡು ಕೇಳುತ್ತಿದ್ದರೇ? "ಕಂಡಕ್ಟರೇ ಒಂದು ಟೀಮಲ್ಲಿ ಆಡ್ತಿದ್ದ, ಯಾರ ಹತ್ರ ಕೇಳ್ತಾನೆ?" ನಷ್ಟ ಹೊರಲಾಗದೆ 2020ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತವು. ಅದರ ಬೆನ್ನಿಗೇ ಕೊರೊನಾ. ಎರಡು ವರ್ಷ ಪಂದ್ಯಾವಳಿಗಳೇ ಅಪರೂಪ. ಆಟ ಮತ್ತೆ ಶುರುವಾಗುವ ಹೊತ್ತಿಗೆ ಕರಪತ್ರ ಮೊಬೈಲಿಗೆ ಹೋಗಿತ್ತು. ಬಸ್ಸು ಇದ್ದಿದ್ದರೆ ಕಾಗದ ಉಳಿಯುತ್ತಿತ್ತು ಎಂಬ ಅವರ ವಾದವನ್ನು ನಾನು ಪೂರ್ತಿ ಒಪ್ಪಲಾರೆ, ಆದರೆ ಅವರ ಅಂಗಡಿಯಲ್ಲಿ ಕುಳಿತು ಅಲ್ಲಗಳೆಯುವುದೂ ಕಷ್ಟ.

ಈಗ ಸಂಘಟಕರು ಬಂದು 'ಡಿಸೈನ್ ಮಾಡಿಕೊಡಿ ಸಾಕು' ಅನ್ನುತ್ತಾರೆ. ಚಿತ್ರ ವಾಟ್ಸ್ಯಾಪಿಗೆ. ದೊಡ್ಡದು ಬೇಕಾದರೆ ಫ್ಲೆಕ್ಸ್. ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದೆ ಎಂಬುದು ಊರಿನ ವೃತ್ತಗಳಿಗೆ ಇನ್ನೂ ತಿಳಿದಂತಿಲ್ಲ. ದೇವರ ಮುಂದಿಡಲು, ಗಣ್ಯರಿಗೆ ಕೊಡಲು ಸ್ವಲ್ಪ ಪ್ರತಿ ಮಾತ್ರ ಅಚ್ಚು. ಅದರಲ್ಲಿ ಪ್ರೆಸ್ಸಿನ ಹೆಸರೂ ಬೇಡವಂತೆ, ಜಾಗ ಜಾಹೀರಾತಿಗೆ ಬೇಕು. 1867ರ ಮುದ್ರಣ ಕಾಯ್ದೆ ಮುದ್ರಕನ ಹೆಸರು, ಊರು ಹಾಕಲೇಬೇಕು ಅನ್ನುತ್ತಿತ್ತು. ಆ ಸಣ್ಣ ಸಾಲಿನಿಂದಲೇ ಯಾವ ಕರಪತ್ರ ಎಲ್ಲಿ ಅಚ್ಚಾಯಿತು ಎಂದು ಇವತ್ತು ಹೇಳಬಹುದು. ಕಾಯ್ದೆ 2024ರ ಮಾರ್ಚಿನಲ್ಲಿ ಹೋಗಿ ಹೊಸದು ಬಂದಿದೆ. ಇನ್ನು ಕಂಪ್ಯೂಟರಿನಲ್ಲಿದ್ದ ಕೆಲವು ವರ್ಷಗಳ ಡಿಸೈನುಗಳು ಒಂದು ಮಳೆಗಾಲದ ಸಿಡಿಲಿಗೆ ಹಾರ್ಡ್‌ಡಿಸ್ಕಿನ ಸಮೇತ ಹೋದವು. ಅಟ್ಟದ ಮೇಲಿನವುಗಳ ಅಂಚನ್ನು ಇಲಿ ಕಡಿದಿದೆ, ಅಷ್ಟೆ.

ಸಂಜೆ ನರಸಿಂಹರಾಜಪುರದಲ್ಲಿ ಒಬ್ಬ ಹಳೆಯ ಆಟಗಾರರ ಮನೆಗೆ ಹೋದೆ. ಹಿಡಿತಗಾರರಾಗಿ ಹೆಸರು ಮಾಡಿದವರು. ಮೊಣಕಾಲು ಈಗ ಮಡಚುವುದಿಲ್ಲ. ಕಾಫಿಯ ಜೊತೆ ಒಂದು ಟ್ರಂಕು ಬಂತು. ಪ್ರವೇಶ ಶುಲ್ಕದ ರಸೀದಿ, ಲಕ್ಕಿಡಿಪ್ ಟಿಕೆಟಿನ ಉಳಿದ ಪುಸ್ತಕ, ತಮ್ಮ ತಂಡದ ಹೆಸರು ತಪ್ಪಾಗಿ ಅಚ್ಚಾದ ಎರಡು ಕರಪತ್ರ. ಟ್ರಂಕಿನ ಅಡಿಯಲ್ಲಿ ಬಟ್ಟೆ ಸುತ್ತಿದ ಶೀಲ್ಡ್. ತಕರಾರು ಅದರದ್ದೇ. ಸತತ ಮೂರು ವರ್ಷ ಗೆದ್ದವರಿಗೆ ಶಾಶ್ವತ ಎಂದಿದ್ದ ರೋಲಿಂಗ್ ಶೀಲ್ಡ್ ಅದು. ಇವರು ಎರಡು ಸಲ ಗೆದ್ದರು, ಮೂರನೇ ವರ್ಷ ಪಂದ್ಯಾವಳಿಯೇ ನಡೆಯಲಿಲ್ಲ. ಎದುರು ತಂಡದವರು ಮದುವೆ ಮನೆಯಲ್ಲಿ ಸಿಕ್ಕರೂ ಅದನ್ನು ಕೇಳುತ್ತಾರಂತೆ. ಆಟ ನಡೆಯದಿದ್ದರೆ ಹಿಂದಿನ ವಿಜೇತರ ಬಳಿಯೇ ಇರತಕ್ಕದ್ದು ಎಂಬ ಸಾಲು ಮೊದಲ ವರ್ಷದ ಕರಪತ್ರದಲ್ಲಿ ಇತ್ತೆಂದು ಇವರ ನೆನಪು. ಆ ಒಂದು ಕರಪತ್ರವೇ ಟ್ರಂಕಿನಲ್ಲಿಲ್ಲ.

ಕೊಪ್ಪದ ಅಟ್ಟದ ವಿಷಯ ಹೇಳಿದೆ. ಅವರು ತಲೆಯಾಡಿಸಿದರು. "ಅದು ಕೊಪ್ಪದ್ದಲ್ಲ, ಶೃಂಗೇರೀಲಿ ಮಾಡ್ಸಿದ್ದು. ಆ ಪ್ರೆಸ್ ಇದ್ದಲ್ಲಿ ಈಗ ಲಾಡ್ಜ್ ಆಗಿದೆ. ನೀವು ಪೇಪರಿನವರು, ಹಳೆ ಮಾಲೀಕರ ಮಕ್ಕಳನ್ನ ಒಂದ್ಸಲ ಕೇಳಿ ನೋಡಿ."