ಮಂಗನ ಮುಂದೆ ಚಾಚಿದ ಕೈ

ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ಕಡೆ ಹೊರಟವರು ಕಲ್ಲತ್ತಿಗಿರಿಯಲ್ಲಿ ಇಳಿಯದೆ ಮುಂದೆ ಹೋಗುವುದು ಕಡಿಮೆ. ವೀರಭದ್ರನ ಗುಡಿಯ ಪಕ್ಕದಲ್ಲೇ ನೀರು ಬಂಡೆಯಿಂದ ಬಂಡೆಗೆ ಧುಮುಕುತ್ತದೆ. ಕಾರಿನ ಬಾಗಿಲು ತೆರೆಯುವ ಹೊತ್ತಿಗೆ ಮಂಗಗಳು ಹಾಜರಾಗಿರುತ್ತವೆ. ಹಣ್ಣುಕಾಯಿ ಚೀಲ ಯಾರ ಕೈಯಲ್ಲಿದೆ, ಆ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರು ಎಂಬುದನ್ನು ಅವು ಒಂದೇ ನೋಟಕ್ಕೆ ಅಳೆದುಬಿಡುತ್ತವೆ. ಮೊಮ್ಮಗುವಿನ ಕೈಗೆ ಬಾಳೆಹಣ್ಣು ಕೊಟ್ಟು "ಹನುಮಪ್ಪಂಗೆ ಕೊಡು ಪುಟ್ಟಾ" ಎನ್ನುವ ಅಜ್ಜಿ, ಪಕ್ಕದಲ್ಲಿ ಮೊಬೈಲ್ ಹಿಡಿದು ನಿಂತ ಅಪ್ಪ. ಇಂಥ ದೃಶ್ಯ ರಾಜ್ಯದ ಯಾವ ಬೆಟ್ಟದ ಗುಡಿಯ ಮುಂದೆಯೂ ಕಾಣಸಿಗುತ್ತದೆ.

ಬೆಟ್ಟದ ಮೇಲಷ್ಟೇ ಅಲ್ಲ, ಮನೆಯಂಗಳದಲ್ಲೂ ಇದೇ ನಡೆಯುತ್ತದೆ. ಕಡೂರಿನ ತೆಂಗಿನ ತೋಟಗಳಲ್ಲಿ, ಅಜ್ಜಂಪುರದ ಈರುಳ್ಳಿ ಹೊಲಗಳ ಅಂಚಿನ ಊರುಗಳಲ್ಲಿ, ತರೀಕೆರೆಯ ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಮಂಗಗಳ ಹಿಂಡು ಬಂದಾಗ ಒಬ್ಬರು ಕೋಲು ಹಿಡಿದರೆ ಇನ್ನೊಬ್ಬರು ಹಿತ್ತಿಲಿನಿಂದ ಚಪಾತಿ ಚೂರು ಎಸೆಯುತ್ತಾರೆ. ಇಬ್ಬರದೂ ಕೆಟ್ಟ ಮನಸ್ಸಲ್ಲ. ಆದರೆ ಕೈಯಾರೆ ತಿನ್ನಿಸುವ ಈ ಅಭ್ಯಾಸದಿಂದ ಮನುಷ್ಯರಿಗೆ ಯಾವ ರೋಗ ಬರಬಹುದು, ಮಂಗಗಳಿಗೆ ಏನಾಗುತ್ತದೆ ಎಂಬುದರ ಬಗ್ಗೆ ವಿಜ್ಞಾನಕ್ಕೆ ಈಗ ಸಾಕಷ್ಟು ತಿಳಿದಿದೆ.

ನಮ್ಮ ಊರುಕೇರಿಗಳಲ್ಲಿ ಕಾಣುವ ಈ ಕೆಂಪು ಮುಖದ ಮಂಗದ ವೈಜ್ಞಾನಿಕ ಹೆಸರು ಮಕಾಕ ರೇಡಿಯಾಟ. ನಡುನೆತ್ತಿಯಿಂದ ಕೂದಲು ಸುತ್ತಲೂ ಕಿರಣಗಳಂತೆ ಹರಡಿಕೊಂಡಿರುವುದರಿಂದ ಆ ಹೆಸರು. ತಲೆಗೆ ಪುಟ್ಟ ಟೊಪ್ಪಿ ಇಟ್ಟಂತೆ ಕಾಣುವುದರಿಂದ ಇಂಗ್ಲಿಷಿನಲ್ಲಿ ಬಾನೆಟ್ ಮಕಾಕ್ ಎನ್ನುತ್ತಾರೆ. ಇಡೀ ಭೂಮಿಯ ಮೇಲೆ ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇದು ಸಹಜವಾಗಿ ನೆಲೆಸಿಲ್ಲ. ಕಪ್ಪು ಮುಖ, ಉದ್ದ ಬಾಲದ ಮುಸಿಯ ಬೇರೆ ಕುಲದ ಪ್ರಾಣಿ. ಅದು ಹೆಚ್ಚಾಗಿ ಎಲೆ, ಚಿಗುರು ತಿಂದು ಬದುಕುತ್ತದೆ.

ಮಂಗದ ಬಾಯಿಯನ್ನು ಹತ್ತಿರದಿಂದ ಗಮನಿಸಿದರೆ ಅದರ ಆತುರಕ್ಕೆ ಕಾರಣ ತಿಳಿಯುತ್ತದೆ. ಕೊಟ್ಟ ಕಡಲೆಕಾಯಿಯನ್ನು ಅದು ಕೂಡಲೇ ನುಂಗುವುದಿಲ್ಲ, ಕೆನ್ನೆಯೊಳಗಿನ ಚೀಲಕ್ಕೆ ತುರುಕಿಕೊಳ್ಳುತ್ತದೆ. ನೋಡುತ್ತಿದ್ದಂತೆ ಎರಡೂ ಕೆನ್ನೆ ಕುತ್ತಿಗೆಯವರೆಗೆ ಉಬ್ಬುತ್ತವೆ. ಆಮೇಲೆ ಮರದ ಮೇಲೆ ಕೂತು, ಕೈಯ ಹಿಂಭಾಗದಿಂದ ಕೆನ್ನೆಯನ್ನು ಒತ್ತಿ ಒಂದೊಂದೇ ಕಾಳನ್ನು ಬಾಯಿಗೆ ತಂದುಕೊಂಡು ಜಗಿಯುತ್ತದೆ. ತನಗಿಂತ ಮೇಲಿನ ಮಂಗ ಕಿತ್ತುಕೊಳ್ಳುವ ಮೊದಲೇ ಸಿಕ್ಕಿದ್ದನ್ನು ಬಚ್ಚಿಡಲು ಈ ಏರ್ಪಾಡು ನೆರವಾಗುತ್ತದೆ. ಹಿಂಡಿನಲ್ಲಿ ಪ್ರತಿ ಮಂಗಕ್ಕೂ ಒಂದು ಸ್ಥಾನವಿದೆ. ಮುದ್ದಾದ ಮರಿಗೆಂದು ಚಾಚಿದ ಹಣ್ಣಿನ ಮೇಲೆ ಹಿಂಡಿನ ಬಲಿಷ್ಠ ಗಂಡಿನ ಕಣ್ಣೂ ಇರುತ್ತದೆ. ಅದು ಎಗರಿದಾಗ ಅದರ ದಾರಿಯಲ್ಲಿ ಮಗುವಿನ ಬೆರಳುಗಳಿರುತ್ತವೆ.

ಮಂಗದ ಮುಖಭಾವವನ್ನು ಓದುವುದರಲ್ಲೂ ನಾವು ಎಡವುತ್ತೇವೆ. ಅದು ಹಲ್ಲು ಕಿರಿದರೆ ನಗುತ್ತಿದೆ ಎಂದುಕೊಳ್ಳುತ್ತೇವೆ. ಮಂಗಗಳ ಭಾಷೆಯಲ್ಲಿ ಅದು ಹೆದರಿಕೆಯ ಗುರುತು. ಹೆದರಿದ ಪ್ರಾಣಿಗೆ ಓಡಲು ದಾರಿ ಸಿಗದಿದ್ದರೆ ಕಚ್ಚುತ್ತದೆ. ಕಣ್ಣು ನೆಟ್ಟು ಬಾಯಿ ತೆರೆದರೆ ಅದು ಬೆದರಿಕೆ. ಗಂಡು ಮಂಗ ದೊಡ್ಡದಾಗಿ ಆಕಳಿಸಿದರೆ ನಿದ್ದೆ ಬಂದಿದೆ ಎಂದು ಮಕ್ಕಳು ನಗುತ್ತಾರೆ. ಆದರೆ ಎಷ್ಟೋ ಸಲ ಅದು ತನ್ನ ಕೋರೆಹಲ್ಲುಗಳನ್ನು ತೋರಿಸಿ 'ಇನ್ನು ಹತ್ತಿರ ಬರಬೇಡ' ಎಂದು ಎಚ್ಚರಿಸುತ್ತಿರುತ್ತದೆ.

ಬೇಡುವುದನ್ನೂ ಅವು ಕಲಿತಿವೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ಬಂಡೀಪುರದ ಮಂಗಗಳ ಮೇಲೆ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಪ್ರವಾಸಿಗರ ಮುಂದೆ ಮಂಗಗಳು ಮೆದುವಾದ 'ಕೂ' ದನಿ ಹೊರಡಿಸಿ ಕೈ ಚಾಚುತ್ತಿದ್ದವು. ಎದುರಿನ ಮನುಷ್ಯ ತಮ್ಮತ್ತ ನೋಡುತ್ತಿದ್ದಾನೆಯೇ ಎಂಬುದನ್ನೂ ಗಮನಿಸುತ್ತಿದ್ದವು. ಕಾಡಿನಲ್ಲಿ ಹಣ್ಣು, ಚಿಗುರು, ಹುಳುಹುಪ್ಪಟೆ ಹುಡುಕಿ ತಿನ್ನುವ ಪ್ರಾಣಿ ಮನುಷ್ಯನಿಂದ ಕೇಳಿ ತಿನ್ನಲು ಒಂದು ಸಂಜ್ಞೆಯನ್ನೇ ರೂಢಿಸಿಕೊಂಡಿತ್ತು. ಇಷ್ಟು ಬುದ್ಧಿಯ ಪ್ರಾಣಿಗೆ ಒಂದು ಸಲ ಕೈತುತ್ತು ಕೊಟ್ಟರೆ ಅದು ಮರೆಯುವುದಿಲ್ಲ. ನಾಳೆ ಕೈ ಬರಿದಾಗಿದ್ದರೆ ಚೀಲಕ್ಕೆ ಕೈ ಹಾಕುತ್ತದೆ. ಚೀಲ ಬಿಡದಿದ್ದರೆ ಪರಚುತ್ತದೆ, ಇಲ್ಲವೇ ಕಚ್ಚುತ್ತದೆ.

ಕಚ್ಚಿದರೆ ಏನಾಗುತ್ತದೆ?

ಮೊದಲ ಭಯ ರೇಬಿಸ್. ಈ ರೋಗದ ಬಹುಪಾಲು ಸಾವುಗಳಿಗೆ ನಾಯಿ ಕಡಿತವೇ ಕಾರಣ, ನಿಜ. ಆದರೆ ರೇಬಿಸ್ ವೈರಸ್ ಯಾವ ಸಸ್ತನಿಗೂ ತಗಲಬಹುದು. ಹಾಗಾಗಿ ಮಂಗ ಕಚ್ಚಿದರೂ ನಾಯಿ ಕಚ್ಚಿದಾಗಿನ ಚಿಕಿತ್ಸೆಯನ್ನೇ ಕೊಡಬೇಕು. ಸಾಕಿದ ನಾಯಿ, ಬೆಕ್ಕು ಕಚ್ಚಿದಾಗ ಅವನ್ನು 10 ದಿನ ಗಮನಿಸಿ ನೋಡುವ ಕ್ರಮವಿದೆ. ಮಂಗಕ್ಕೆ ಆ ಲೆಕ್ಕ ಅನ್ವಯಿಸುವುದಿಲ್ಲ. ಕಚ್ಚಿದ ಮಂಗ ಮರುದಿನ ಚೆನ್ನಾಗಿಯೇ ಓಡಾಡುತ್ತಿತ್ತು ಎಂದು ಚುಚ್ಚುಮದ್ದು ಬಿಡುವಂತಿಲ್ಲ. ವೈರಸ್ ಗಾಯದಿಂದ ನರದೊಳಗೆ ಹೊಕ್ಕು ನಿಧಾನವಾಗಿ ಮಿದುಳಿನ ಕಡೆ ಸಾಗುತ್ತದೆ. ರೋಗದ ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಆ ಅವಧಿಯಲ್ಲಿ ಲಸಿಕೆ ವೈರಸ್ಸಿಗಿಂತ ಮೊದಲೇ ದೇಹವನ್ನು ಸಜ್ಜುಗೊಳಿಸಬಲ್ಲದು. ಲಕ್ಷಣ ಕಂಡ ಮೇಲೆ ಬದುಕಿಸುವ ಮದ್ದು ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ರೇಬಿಸ್‌ಗೆ ಬಲಿಯಾಗುವವರಲ್ಲಿ 100ಕ್ಕೆ 40ರಷ್ಟು ಜನ 15 ವರ್ಷದೊಳಗಿನ ಮಕ್ಕಳು. ಕರ್ನಾಟಕ ಸರ್ಕಾರ 2022ರ ಕೊನೆಯಲ್ಲಿ ಮನುಷ್ಯರ ರೇಬಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು.

ಗಾಯಕ್ಕೆ ಮೊದಲು ಮಾಡಬೇಕಾದ ಆರೈಕೆ ಮನೆಯ ನಲ್ಲಿಯ ಕೆಳಗೇ ಇದೆ. ರೇಬಿಸ್ ವೈರಸ್ಸಿನ ಮೈಗೆ ಕೊಬ್ಬಿನ ಹೊದಿಕೆ ಇದೆ. ಸೋಪು ಆ ಹೊದಿಕೆಯನ್ನು ಒಡೆದುಹಾಕುತ್ತದೆ. ಹರಿಯುವ ನೀರಿನಡಿ ಗಾಯ ಹಿಡಿದು, ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು ಪೂರ್ತಿ 15 ನಿಮಿಷ ತೊಳೆಯಬೇಕು. ನಮ್ಮ ಕಡೆ ರಕ್ತ ಕಂಡ ಕೂಡಲೇ ಕಾಫಿಪುಡಿ ಒತ್ತುವ, ಅರಿಸಿನ ಮೆತ್ತುವ, ಸುಣ್ಣ ಹಚ್ಚುವ ರೂಢಿ ಇದೆ. ಪುಡಿ ಮೆತ್ತಿದರೆ ಒಳಗಿನ ಸೋಂಕು ಒಳಗೇ ಉಳಿಯುತ್ತದೆ, ತೊಳೆಯುವ ಕೆಲಸವೂ ಕೆಡುತ್ತದೆ. 'ಹೊಕ್ಕುಳ ಸುತ್ತ 14 ಇಂಜೆಕ್ಷನ್' ಎಂಬ ಹಳೆಯ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದವರು ಇನ್ನೂ ಇದ್ದಾರೆ. ಆ ಹಳೆಯ ಲಸಿಕೆಯನ್ನು ದೇಶ ಕೈಬಿಟ್ಟು ಸುಮಾರು 20 ವರ್ಷ ಕಳೆದಿದೆ. ಈಗ ಚುಚ್ಚುವುದು ತೋಳಿಗೆ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ರಕ್ತ ಬಂದ ಗಾಯವಾಗಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯವನ್ನು ಗಾಯದ ಸುತ್ತಲೇ ಕೊಡುತ್ತಾರೆ. ಲಸಿಕೆ ಫಲ ಕೊಡುವವರೆಗೆ ಅದು ಕಾವಲು ಕಾಯುತ್ತದೆ. ಧನುರ್ವಾತದ ಚುಚ್ಚುಮದ್ದು ಬೇಕೇ ಎಂಬುದನ್ನೂ ವೈದ್ಯರೇ ಹೇಳುತ್ತಾರೆ.

ಮಕಾಕ್ ಜಾತಿಯ ಮಂಗಗಳ ಬಾಯಲ್ಲಿ ಇನ್ನೊಂದು ವೈರಸ್ ಇರಬಹುದು. ಅದರ ಹೆಸರು ಬಿ ವೈರಸ್. ನಮಗೆ ತುಟಿಯ ಮೇಲೆ ಗುಳ್ಳೆ ಏಳಿಸುವ ಹರ್ಪಿಸ್‌ನ ಬಳಗಕ್ಕೆ ಸೇರಿದ ಇದು ಮಂಗಗಳನ್ನು ಅಷ್ಟಾಗಿ ಕಾಡುವುದಿಲ್ಲ. ಮನುಷ್ಯನ ದೇಹ ಸೇರಿದರೆ ಮಿದುಳಿಗೆ ಏರಿ ಕೊಲ್ಲಬಲ್ಲದು. 1932ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಯೋಗಾಲಯದ ಮಂಗ ಕಚ್ಚಿ ವಿಲಿಯಂ ಬ್ರೆಬ್ನರ್ ಎಂಬ ಯುವ ವೈದ್ಯ ತೀರಿಕೊಂಡಾಗ ಇದು ಮೊದಲು ಬೆಳಕಿಗೆ ಬಂತು. ಅಂದಿನಿಂದ ಪ್ರಪಂಚದಲ್ಲಿ ದಾಖಲಾದ ಪ್ರಕರಣಗಳು ಸುಮಾರು 50. ಅಂದರೆ ಇದು ತೀರಾ ಅಪರೂಪ. ಹಾಗೆಂದು ಪ್ರಯೋಗಾಲಯಕ್ಕಷ್ಟೇ ಸೀಮಿತವೂ ಅಲ್ಲ. 2024ರ ವಸಂತದಲ್ಲಿ ಹಾಂಗ್‌ಕಾಂಗ್‌ನ ಉದ್ಯಾನವೊಂದರಲ್ಲಿ ಕಾಡುಮಂಗಗಳಿಂದ ಗಾಯಗೊಂಡ 37 ವರ್ಷದ ವ್ಯಕ್ತಿಯಲ್ಲಿ ಈ ಸೋಂಕು ಖಚಿತವಾಯಿತು. ಅದೇ ವರ್ಷದ ಆಗಸ್ಟ್‌ನಿಂದ ಕಾಡುಪ್ರಾಣಿಗೆ ತಿನ್ನಿಸುವವರಿಗೆ ಅಲ್ಲಿ ದಂಡದ ಗರಿಷ್ಠ ಮಿತಿ 1 ಲಕ್ಷ ಹಾಂಗ್‌ಕಾಂಗ್ ಡಾಲರ್, ಜೊತೆಗೆ 1 ವರ್ಷದವರೆಗೆ ಜೈಲು.

ಕಚ್ಚದೇ ಇದ್ದರೂ ರೋಗಾಣುಗಳು ದಾಟುತ್ತವೆ. ಮಂಗದ ಬೆರಳುಗಳು ನೆಲ, ಮೈ, ಮಲ ಎಲ್ಲವನ್ನೂ ಮುಟ್ಟಿರುತ್ತವೆ. ಬಾಳೆಹಣ್ಣು ಅದರ ಕೈ ಸೇರುವ ಗಳಿಗೆಯಲ್ಲಿ ಎರಡು ಕೈ ಸೋಕುತ್ತವೆ. ಅದೇ ಕೈಯಲ್ಲಿ ಮಗು ಮಿಕ್ಕ ಹಣ್ಣು ತಿನ್ನುತ್ತದೆ. ಸಾಲ್ಮೊನೆಲ್ಲ, ಶಿಗೆಲ್ಲದಂಥ ಭೇದಿಯ ಬ್ಯಾಕ್ಟೀರಿಯಗಳಿಗೆ ಅಷ್ಟು ದಾರಿ ಸಾಕು. ಇದು ಎರಡೂ ಕಡೆಗೆ ತೆರೆದ ದಾರಿ. ಮನುಷ್ಯರ ಕ್ಷಯ ಮಂಗಗಳಿಗೆ ತಗಲುತ್ತದೆ. ನಾವು ಕಚ್ಚಿ ಎಸೆದ ಹಣ್ಣಿನ ಜೊತೆ ನಮ್ಮ ಎಂಜಲೂ ಅದರ ಹೊಟ್ಟೆ ಸೇರುತ್ತದೆ.

ಚಿಕ್ಕಮಗಳೂರು ಜಿಲ್ಲೆಯವರು ಇಲ್ಲಿ ಮಂಗನ ಕಾಯಿಲೆಯನ್ನು ನೆನೆಯದೆ ಇರಲಾರರು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಊರುಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಸ್ಸೊಂದನ್ನು ಪತ್ತೆ ಮಾಡಿ, ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. 2024ರಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲೂ ಇದು ಕಾಣಿಸಿಕೊಂಡಿತು. ನರಸಿಂಹರಾಜಪುರ ತರೀಕೆರೆಗೆ ನೆರೆಯ ತಾಲ್ಲೂಕು.

ಹೆಸರಿನಲ್ಲಿ ಮಂಗನಿದ್ದರೂ ಈ ರೋಗ ಮಂಗದಿಂದ ನೇರವಾಗಿ ಬರುವುದಿಲ್ಲ, ಉಣುಗು ಕಚ್ಚಿ ಬರುತ್ತದೆ. ಸೋಂಕು ತಗಲಿದ ಮಂಗದ ರಕ್ತ ಹೀರಿದ ಉಣುಗು, ಆ ಮಂಗ ಸತ್ತ ಕೂಡಲೇ ಅದರ ಮೈಯಿಂದ ನೆಲಕ್ಕೆ ಇಳಿದು ಮುಂದಿನ ಬಿಸಿರಕ್ತಕ್ಕಾಗಿ ಕಾಯುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಗಸಗಸೆ ಕಾಳಿನಷ್ಟೇ ಇರುವ ಎಳೆಯ ಉಣುಗುಗಳು ತರಗೆಲೆಗಳ ನಡುವೆ ಹೆಚ್ಚಿರುವ ಕಾಲ. ರೋಗ ತಗಲಿದ 100 ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆ 2022ರಲ್ಲಿ ನಿಂತಿತು. ಕಾಡಂಚಿನ ಮನೆಯ ಮುಂದೆ ತಿಂಡಿ ಚೆಲ್ಲಿ ಮಂಗಗಳನ್ನು ದಿನವೂ ಕರೆದರೆ, ಅವುಗಳ ಮೈಮೇಲಿನ ಉಣುಗುಗಳನ್ನೂ ಅಂಗಳಕ್ಕೆ ಕರೆದಂತಾಗುತ್ತದೆ. ಸತ್ತ ಮಂಗ ಕಂಡರೆ ಮುಟ್ಟದೆ, ಹತ್ತಿರ ಹೋಗದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ತಿನ್ನಿಸಿದ ಮಂಗಗಳ ಕತೆ ಹೇಗೆ ಮುಗಿಯುತ್ತದೆ? ಬಿಸ್ಕತ್ತು, ಚಿಪ್ಸ್ ಸುಲಭವಾಗಿ ಸಿಗುವ ಕಡೆ ಹಿಂಡು ಬೆಳೆಯುತ್ತದೆ, ಜಗಳ ಹೆಚ್ಚುತ್ತದೆ, ಒಂದೇ ಜಾಗದಲ್ಲಿ ಬಿದ್ದ ಮಲದಿಂದ ಹೊಟ್ಟೆಹುಳುಗಳು ಒಂದರಿಂದ ಒಂದಕ್ಕೆ ಹರಡುತ್ತವೆ. ರಸ್ತೆಯಲ್ಲಿ ಎಸೆದ ತಿಂಡಿ ಹೆಕ್ಕಲು ಬಂದವು ಚಕ್ರಕ್ಕೆ ಸಿಗುತ್ತವೆ. ಕೊನೆಗೆ ಊರಿನವರ ತಾಳ್ಮೆ ಮುಗಿಯುತ್ತದೆ. 2021ರ ಜುಲೈನಲ್ಲಿ ಪಕ್ಕದ ಹಾಸನ ಜಿಲ್ಲೆಯ ರಸ್ತೆ ಬದಿಯಲ್ಲಿ ಗೋಣಿಚೀಲಗಳು ಬಿದ್ದಿದ್ದವು. ಬಿಚ್ಚಿ ನೋಡಿದರೆ ಒಳಗೆ 38 ಮಂಗಗಳ ಹೆಣ, ಜೊತೆಗೆ ಇನ್ನೂ ಉಸಿರಾಡುತ್ತಿದ್ದ ಕೆಲವು. ರಾಜ್ಯ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು.

ಎಲ್ಲೆಲ್ಲೂ ಕಾಣುವ ಪ್ರಾಣಿ ಹೇಗೂ ಉಳಿಯುತ್ತದೆ ಎಂಬ ನಂಬಿಕೆಯೂ ಈಗ ಸಡಿಲವಾಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಜೊತೆಗಾರರು ದಕ್ಷಿಣ ಕರ್ನಾಟಕದ ಹೆದ್ದಾರಿಗಳಲ್ಲಿ 25 ವರ್ಷ ಮತ್ತೆ ಮತ್ತೆ ಎಣಿಸಿದಾಗ ಈ ಮಂಗಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಸಿದಿತ್ತು. ರಸ್ತೆ ಅಗಲೀಕರಣಕ್ಕೆ ಉರುಳಿದ ಸಾಲುಮರಗಳು, ಅದರಲ್ಲೂ ಆಲ, ಅತ್ತಿ, ಬಸರಿಗಳು, ಅವುಗಳ ಮನೆಯೂ ಊಟವೂ ಆಗಿದ್ದವು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಈ ಮಂಗವನ್ನು ಈಗ ಅಪಾಯದ ಅಂಚಿನ ಪ್ರಾಣಿಗಳ ಪಟ್ಟಿಯಲ್ಲಿ ಇರಿಸಿದೆ.

ಹನುಮಪ್ಪನ ಮೇಲಿನ ಭಕ್ತಿಗೆ ವಿಜ್ಞಾನದ ತಕರಾರಿಲ್ಲ. ಆ ಭಕ್ತಿ ಮಂಗಗಳಿಗೆ ಒಳಿತು ಮಾಡಬೇಕಾದರೆ ಕೆರೆಯ ಏರಿಯ ಮೇಲೆ, ಗೋಮಾಳದಲ್ಲಿ, ಗುಡಿಯ ಹಿಂದೆ ಒಂದು ಅತ್ತಿ, ಒಂದು ಆಲ, ಒಂದು ನೇರಳೆ ನೆಡಲಿ. ಕಲ್ಲತ್ತಿಗಿರಿಗೆ ಹೋದಾಗ ಹಣ್ಣಿನ ಚೀಲ ಕಾರಿನೊಳಗೇ ಇರಲಿ, ಮಕ್ಕಳು ದೊಡ್ಡವರ ಪಕ್ಕದಲ್ಲಿರಲಿ. ಮಂಗ ಚೀಲಕ್ಕೆ ಕೈ ಹಾಕಿದರೆ ಎಳೆದಾಡದೆ ಚೀಲ ಬಿಟ್ಟುಬಿಡಿ. ಮನೆಯ ಹತ್ತಿರ ಕಸದ ಬುಟ್ಟಿಗೆ ಮುಚ್ಚಳವಿರಲಿ, ಮಿಕ್ಕ ಅನ್ನ ಗೊಬ್ಬರದ ಗುಂಡಿಯೊಳಗೆ ಮಣ್ಣು ಮುಚ್ಚಿಕೊಳ್ಳಲಿ. ಇಷ್ಟಾಗಿಯೂ ಕಚ್ಚಿತು, ಪರಚಿತು ಎಂದಾದರೆ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. 'ಮಂಗ ಕಚ್ಚಿದೆ' ಎಂದು ಬಾಯಿಬಿಟ್ಟು ಹೇಳಿ, 28ನೇ ದಿನದ ಕೊನೆಯ ಚುಚ್ಚುಮದ್ದನ್ನೂ ತಪ್ಪಿಸಬೇಡಿ.