ಯಾರ ಹತ್ತಿರ ಹೋಗಬೇಕು?

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ನಮ್ಮ ಸೀಮೆಯ ಹೆಸರು ಕಂಡಾಗ ಕೈ ತಾನಾಗಿ ಅತ್ತ ಹೋಯಿತು. ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’. 1976ರಲ್ಲಿ ಅಚ್ಚಾದದ್ದು. ಕೋಟದ ಬ್ರಾಹ್ಮಣರು ತಮ್ಮ ಸಮುದಾಯಕ್ಕೆ ಇಟ್ಟುಕೊಂಡ ‘ಕೂಟ ಮಹಾಜಗತ್ತು’ ಎಂಬ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿದ ಹಾಗಿದೆ. ಸ್ಥಳಪುರಾಣವೋ ಜಾತಿಯ ಚರಿತ್ರೆಯೋ ಇರಬೇಕೆಂದು ತೆರೆದೆ. ಒಳಗಿದ್ದವರು ನಿದ್ದೆ ಬಾರದವರು, ಎದೆ ಡವಗುಟ್ಟುವವರು, ಮಾತು ಬಿಟ್ಟವರು, ಮೈಮೇಲೆ ಬರುವವರು. ಶಿವರಾಮ ಕಾರಂತರು ಹುಟ್ಟಿದ ಊರಿನ ಮನಸ್ಸನ್ನು ಇಬ್ಬರು ಮನೋವೈದ್ಯರು ಮನೆಮನೆ ಸುತ್ತಿಸಿ ಬರೆಸಿಕೊಂಡ ಲೆಕ್ಕ ಅದು.

ಒಬ್ಬರು ಮೋರಿಸ್ ಕಾರ್‌ಸ್ಟೇರ್ಸ್, ಸ್ಕಾಟ್ಲೆಂಡಿನವರು, ಮಿಷನರಿ ಮನೆಯಲ್ಲಿ ಹುಟ್ಟಿ ಬಾಲ್ಯವನ್ನು ರಾಜಸ್ಥಾನದಲ್ಲಿ ಕಳೆದವರು. ಇನ್ನೊಬ್ಬರು ರವಿ ಕಪೂರ್. ಹಳ್ಳಿಯವರ ಮಾತಿಗೆ ಹೊಂದುವಂತೆ ಹೊಸ ಪ್ರಶ್ನಾವಳಿಯನ್ನೇ ಕಟ್ಟಬೇಕಾಗಿ ಬಂದಾಗ ಕೈಜೋಡಿಸಿದ ಮನೋವಿಜ್ಞಾನಿ ಮಾಲವಿಕಾ ಕಪೂರ್, ಕಾರಂತರ ಮಗಳು. ಬ್ರಾಹ್ಮಣರು, ಬಂಟರು, ಮೊಗವೀರರು ಎಂಬ ಮೂರು ಸಮುದಾಯಗಳನ್ನು ಅವರು ಆರಿಸಿಕೊಂಡಿದ್ದರು. ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಕಟ್ಟು ಸಡಿಲುತ್ತಿದ್ದ ಕಾಲ. ಬದಲಾವಣೆ ಮನಸ್ಸಿಗೆ ಎಷ್ಟು ಭಾರ ಎಂಬುದು ಅವರ ಮುಖ್ಯ ಪ್ರಶ್ನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ವಿಷಯ: ಕಷ್ಟ ಬಂದಾಗ ಈ ಜನ ಯಾರ ಹತ್ತಿರ ಹೋಗುತ್ತಿದ್ದರು?

ಮದ್ದು ಅರೆದು ಕೊಡುವ ವೈದ್ಯರು, ತಾಯಿತ ಕಟ್ಟಿ ಮಾಟ ತೆಗೆಯುವ ಮಂತ್ರವಾದಿ, ದೈವ ಮೈಮೇಲೆ ಬಂದು ನುಡಿ ಕೊಡುವ ಪಾತ್ರಿ. ಇವರ ಜೊತೆಗೆ ಇಂಜೆಕ್ಷನ್ ಚುಚ್ಚುವ ಇಂಗ್ಲಿಷ್ ಡಾಕ್ಟರು. ಹಳ್ಳಿಯವರು ಮನಸ್ಸಿನ ಕಾಯಿಲೆಯನ್ನು ಬಚ್ಚಿಟ್ಟುಕೊಂಡು ಸುಮ್ಮನೆ ಕೂರುತ್ತಾರೆ ಎಂದು ಪಟ್ಟಣದವರು ನಂಬಿದ್ದರು. ಕಪೂರ್ 1975ರಲ್ಲಿ ಪ್ರಕಟಿಸಿದ ಲೇಖನ ಅದನ್ನು ಅಲುಗಾಡಿಸಿತು. ಜನ ಹೋಗುತ್ತಿದ್ದರು. ಅನೇಕರು ಪಾತ್ರಿಯ ಬಳಿಗೂ ಹೋಗುತ್ತಿದ್ದರು, ಡಾಕ್ಟರ ಬಳಿಗೂ ಹೋಗುತ್ತಿದ್ದರು, ಎರಡಕ್ಕೂ ವಿರೋಧವಿದೆ ಎಂದು ಅವರಿಗೆ ಅನ್ನಿಸುತ್ತಲೇ ಇರಲಿಲ್ಲ. ಈ ಪುಟಗಳನ್ನು ಓದಿದ ಮೇಲೆ ‘ನಮ್ಮ ಜನಕ್ಕೆ ತಿಳಿವಳಿಕೆ ಇಲ್ಲ’ ಎಂದು ಸಲೀಸಾಗಿ ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಬಾಗಿಲು ತಟ್ಟಲು ಜನ ಹಿಂಜರಿದವರಲ್ಲ. ಯಾವ ಬಾಗಿಲು ಎಂದು ಹೇಳುವವರು ಇರಲಿಲ್ಲ.

ನನ್ನ ಚಿಕ್ಕಮ್ಮನ ಕಥೆಯೂ ಇದೇ. ಎಂಬತ್ತರ ದಶಕದ ಆರಂಭ. ಚೊಚ್ಚಲ ಹೆರಿಗೆಯಾಗಿ ಹದಿನೈದು ದಿನವಾಗಿರಲಿಲ್ಲ, ರಾತ್ರಿ ನಿದ್ದೆ ಹೋಯಿತು, ಮಗುವನ್ನು ಯಾರೋ ಬದಲಿಸಿದ್ದಾರೆ ಎನ್ನತೊಡಗಿದರು. ಹಿರಿಯರಿಗೆ ಹೆಸರು ಗೊತ್ತಿತ್ತು: ಬಾಣಂತಿ ಸನ್ನಿ. ಹೆಸರು ಗೊತ್ತಿದ್ದಷ್ಟು ಮದ್ದು ಗೊತ್ತಿರಲಿಲ್ಲ. ಮೊದಲು ಪಾತ್ರಿಯ ದರ್ಶನದಲ್ಲಿ ಕೇಳಿದರು, ನಾಗನಿಗೆ ತನು ಎರೆದರು, ಆಮೇಲೆ ಪೇಟೆಯ ಡಾಕ್ಟರು ಬಲಹೀನತೆ ಎಂದು ಬಾಟಲಿ ಹಾಕಿದರು. ಒಂದೂವರೆ ವರ್ಷ ಹೀಗೇ ಹೋಯಿತು. ಪಾತ್ರಿ ಕೆಟ್ಟವರಲ್ಲ, ಕೈ ಹಿಡಿದು ಮಾತಾಡಿಸಿ, ಮನೆಯವರೆಲ್ಲ ಅವಳ ಮೇಲೆ ಕೂಗಾಡಬಾರದೆಂದು ಗದರಿದ್ದರಂತೆ. ಅಷ್ಟು ಮಾತನ್ನು ಬಾಟಲಿ ಹಾಕಿದವರು ಹೇಳಲಿಲ್ಲ.

ಆಗ ಬಾಣಂತಿಯ ಮನಸ್ಸಿನ ಬಗ್ಗೆ ಕನ್ನಡ ಮನೆಗಳಲ್ಲಿ ಮಾತಿದ್ದದ್ದು ತ್ರಿವೇಣಿಯವರಿಂದ. ಅವರ ‘ಶರಪಂಜರ’ ಕಾದಂಬರಿಯನ್ನು ಓದದವರೂ ಅದರ ಮೇಲೆ ಪುಟ್ಟಣ್ಣ ಕಣಗಾಲ್ ತೆಗೆದ ಸಿನಿಮಾ ನೋಡಿದ್ದರು. ಕಲ್ಪನಾ ಪಾತ್ರವಹಿಸಿದ ಆ ಹೆಂಗಸು ಆಸ್ಪತ್ರೆಯಿಂದ ವಾಸಿಯಾಗಿ ಬರುತ್ತಾಳೆ. ಆಕೆಯನ್ನು ಮತ್ತೆ ಒಡೆಯುವುದು ಮನೆ. ನನ್ನ ಅಮ್ಮನ ತಲೆಮಾರಿನ ಹೆಂಗಸರೆಲ್ಲ ಅದನ್ನು ನೋಡಿ ಅತ್ತಿದ್ದರು. ಆದರೆ ಅದರಿಂದ ಉಳಿದದ್ದು ಒಂದು ಭಯ: ಅಲ್ಲಿಗೆ ಒಮ್ಮೆ ಹೋಗಿಬಂದರೆ ಬಾಳು ಮುಗಿಯಿತು. ಉತ್ತರ ಕರ್ನಾಟಕದವರಿಗೆ ‘ಅಲ್ಲಿ’ ಎಂದರೆ ಧಾರವಾಡದ ಮಾನಸಿಕ ಆಸ್ಪತ್ರೆ, ಹಳೆ ಮೈಸೂರಿನವರಿಗೆ ಬೆಂಗಳೂರಿನದು.

ಬೆಂಗಳೂರಿನ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಹತ್ತೊಂಬತ್ತನೆಯ ಶತಮಾನದ ಹುಚ್ಚರ ಆಸ್ಪತ್ರೆ ಮುಂದೆ ಲಕ್ಕಸಂದ್ರದ ಕಡೆಯ ಹೊಸ ಕಟ್ಟಡಕ್ಕೆ ಬಂತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮುಖ್ಯಸ್ಥರಾದರು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಮನೋವೈದ್ಯ, ಮನೋವಿಜ್ಞಾನಿ ಎಂದು ಇವತ್ತು ನಾವು ಗೊಂದಲಪಡುವ ಹೆಸರುಗಳು ನಮ್ಮ ನಾಡಿನಲ್ಲಿ ಬೇರು ಬಿಟ್ಟದ್ದು ಆ 1954ರ ಸಂಸ್ಥೆಯಲ್ಲೇ. ಅಲ್ಲಿ ಎಂಬಿಬಿಎಸ್ ಮುಗಿಸಿ ಬಂದವರಿಗೆ ಮನೋವೈದ್ಯಕೀಯದ ಡಿಪ್ಲೊಮಾ, ಮನಶ್ಶಾಸ್ತ್ರ ಓದಿದವರಿಗೆ ಇನ್ನೊಂದು ಡಿಪ್ಲೊಮಾ ಇತ್ತು. ಮೊದಲನೆಯವರು ಮಾತ್ರೆ ಬರೆಯಬಲ್ಲರು. ಎರಡನೆಯವರು ಪರೀಕ್ಷೆ ಮಾಡಿ, ಮಾತಿನ ಚಿಕಿತ್ಸೆ ಕೊಡಬಲ್ಲರು. ಗೋವಿಂದಸ್ವಾಮಿಯವರ ಕಾಲಕ್ಕೆ ಇಬ್ಬರೂ ಒಂದೇ ರೋಗಿಯ ಸುತ್ತ ಕೂರುತ್ತಿದ್ದರು. ಈಗ ಅವರು ಊರಿನ ಬೇರೆ ಬೇರೆ ಮೂಲೆಗಳಲ್ಲಿದ್ದಾರೆ. ಯಾರು ಯಾರೆಂದು ಬೋರ್ಡು ನೋಡಿ ತಿಳಿಯುವುದು ಕಷ್ಟ.

ಕೋಟದ ಕೆಲಸ ಮುಗಿಸಿದ ಕಪೂರ್ ನಿಮ್ಹಾನ್ಸ್‌ಗೆ ಬಂದರು. ಅಲ್ಲಿಂದ ನನಗೆ ತೀರಾ ಪ್ರಿಯವಾದ ಅಧ್ಯಾಯ. ಎಪ್ಪತ್ತರ ದಶಕದ ನಡುವೆ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಲಕ್ಕಸಂದ್ರಕ್ಕೆ ಬಸ್ಸು ಹತ್ತಿ ಬರುವವರಿಗಾಗಿ ಕಾಯದೆ ಹಳ್ಳಿಗೇ ಹೋಗಿ ಕುಳಿತರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸಿದರು. ಯಾರಿಗೆ ಅಪಸ್ಮಾರ, ಯಾರಿಗೆ ಖಿನ್ನತೆ, ಯಾರು ಕಿವಿಯಲ್ಲಿ ದನಿ ಕೇಳುತ್ತದೆ ಎನ್ನುತ್ತಾರೆ ಎಂಬುದನ್ನು ಗುರುತಿಸಿ ಕಳಿಸಿದರೆ ಸಾಕು. ದೊಡ್ಡ ಡಿಗ್ರಿ ಬೇಡ, ಬಾಗಿಲು ತೋರಿಸುವ ಬೆರಳು ಬೇಕು. 1982ರಲ್ಲಿ ದೇಶಕ್ಕೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಪಾಠವನ್ನು ಇಡೀ ಜಿಲ್ಲೆಗೆ ಹಬ್ಬಿಸಿದರು. ಅಲ್ಲಿಂದ ‘ಬಳ್ಳಾರಿ ಮಾದರಿ’ ಎಂಬ ಮಾತು ಹುಟ್ಟಿತು, 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಕಾರ್ಯಕ್ರಮ ಶುರುಮಾಡಿದಾಗ ಇಟ್ಟುಕೊಂಡ ನಕಾಶೆ ಅದೇ. ಗಣಿಯ ಗದ್ದಲದಲ್ಲಿ ಬಳ್ಳಾರಿಯ ಈ ಹೆಮ್ಮೆ ಮರೆತೇಹೋಯಿತು ಎನ್ನುವುದು ನನ್ನ ನೋವು.

ಸಕಲವಾರದ ಆ ತಂಡದಲ್ಲಿ ದುಡಿದವರಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಒಬ್ಬರು. ಹಳ್ಳಿಯಲ್ಲಿ ಕಾರ್ಯಕರ್ತೆ ಮಾಡುತ್ತಿದ್ದುದನ್ನು ಅವರು ಅಚ್ಚಿನಲ್ಲಿ ಮಾಡಿದರು. ಖಿನ್ನತೆ, ಗೀಳು, ಕುಡಿತ, ಪರೀಕ್ಷೆಯ ಭಯ ಎಲ್ಲದರ ಮೇಲೂ ಸಣ್ಣ ಸಣ್ಣ ಕನ್ನಡ ಪುಸ್ತಕ, ಪತ್ರಿಕೆಗಳಲ್ಲಿ ಓದುಗರ ಪ್ರಶ್ನೆಗೆ ಉತ್ತರ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರಿಗಿಂತ ಮೊದಲು ಹಾಸ್ಯಪತ್ರಿಕೆ ‘ಕೊರವಂಜಿ’ಯ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, ಮನೋವೈದ್ಯಕೀಯದ ಬಗ್ಗೆಯೇ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಮನಸ್ಸಿನ ಕಾಯಿಲೆಯ ಪುಸ್ತಕವನ್ನು ಸಾಹಿತ್ಯವೆಂದು ಓದಿದ ನಾಡು ಇದು.

ಈಗ ಬಾಗಿಲುಗಳು ಹೆಚ್ಚಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎಂದಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಕೂರುವ ಏರ್ಪಾಡಾಯಿತು. 14416ಕ್ಕೆ ಫೋನು ಮಾಡಿದರೆ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸಹಾಯವಾಣಿ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಒಟ್ಟಿಗೇ ಇರಬಹುದಾದ ವಾರ್ಡು ಇದೆ. ಚಿಕ್ಕಮ್ಮನನ್ನು ಅಂಥ ಕಡೆ ಇಟ್ಟಿದ್ದರೆ ಮಗುವನ್ನು ಅಜ್ಜಿಯ ಮನೆಗೆ ಕಳಿಸಬೇಕಾಗುತ್ತಿರಲಿಲ್ಲ.

ಆದರೆ ‘ಆಪ್ತಸಮಾಲೋಚಕ’ ಎಂಬ ಬೋರ್ಡನ್ನು ಇವತ್ತು ಯಾರು ಬೇಕಾದರೂ ತೂಗುಹಾಕಬಹುದು ಎಂಬಂತಾಗಿದೆ. ‘ಆಪ್ತ’ ಎಂಬುದು ಎಂಥ ಒಳ್ಳೆಯ ಮಾತು! ವಾರಾಂತ್ಯದ ಕೋರ್ಸು ಮುಗಿಸಿದವರ ಬಳಿ ಹೋದ ಒಬ್ಬ ಹುಡುಗ ನನಗೆ ಗೊತ್ತು; ಅವನಿಗೆ ಬೇಕಿದ್ದದ್ದು ಮಾತ್ರೆ, ಸಿಕ್ಕಿದ್ದು ಆರು ತಿಂಗಳ ಉತ್ಸಾಹದ ಭಾಷಣ. ಚಿಕಿತ್ಸಾ ಮನೋವಿಜ್ಞಾನಿ ಎಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು, ಆ ಸಂಖ್ಯೆಯನ್ನು ಕೇಳುವುದರಲ್ಲಿ ಮರ್ಯಾದೆಗೇಡು ಏನೂ ಇಲ್ಲ. ಕಿವಿಯಲ್ಲಿ ದನಿ, ವಾರಗಟ್ಟಲೆ ನಿದ್ದೆಯಿಲ್ಲದಿರುವುದು, ಸಾಯುವ ಯೋಚನೆ, ಇವಿದ್ದರೆ ಮೊದಲ ಮೆಟ್ಟಿಲು ಮನೋವೈದ್ಯರದ್ದೇ. ಮಾತಿನ ಚಿಕಿತ್ಸೆ ಅವರ ಜೊತೆಗೆ. ಇಷ್ಟು ಸರಳ ಸಂಗತಿಯನ್ನು ನಮ್ಮ ಜನ ಒಂದು ಕಾಲಕ್ಕೆ ವಾರಪತ್ರಿಕೆಯ ಪುಟದಲ್ಲಿ ಓದಿ ತಿಳಿಯುತ್ತಿದ್ದರು. ಆ ಪುಟಗಳಲ್ಲಿ ಬಹಳಷ್ಟು ಸದ್ದಿಲ್ಲದೆ ನಿಂತುಹೋದವು. ಅಲ್ಲೀಗ ಚರ್ಮದ ಕಾಂತಿಯ ಸಲಹೆ.

ಚಿಕ್ಕಮ್ಮನಿಗೆ ದಾರಿ ಸಿಕ್ಕಿದ್ದು ಅಂಥ ಒಂದು ಪುಟದಿಂದಲೇ. ಕಾಗದ ಬರೆದದ್ದು ನಾವಲ್ಲ. ಬಯಲುಸೀಮೆಯ ಯಾವುದೋ ಊರಿನ ಗಂಡನೊಬ್ಬ ತನ್ನ ಹೆಂಡತಿ ಮಗುವನ್ನು ತನ್ನದಲ್ಲ ಎನ್ನುತ್ತಾಳೆ ಎಂದು ಕೇಳಿದ್ದ. ಉತ್ತರಿಸಿದ ಡಾಕ್ಟರು ಇದು ವಾಸಿಯಾಗುವ ಕಾಯಿಲೆ, ಯಾರ ತಪ್ಪೂ ಅಲ್ಲ ಎಂದು ಬರೆದು, ಯಾವ ಆಸ್ಪತ್ರೆಯ ಯಾವ ವಿಭಾಗಕ್ಕೆ ಯಾವ ಹೊತ್ತಿಗೆ ಹೋಗಬೇಕೆಂದು ತಿಳಿಸಿದ್ದರು. ಅಮ್ಮ ಅದನ್ನು ಕತ್ತರಿಸಿ ರವಿಕೆಯೊಳಗಿಟ್ಟುಕೊಂಡು, ಚಿಕ್ಕಮ್ಮನನ್ನು ಕರೆದುಕೊಂಡು ಬೆಳಗಿನ ಮೊದಲ ಬಸ್ಸು ಹತ್ತಿದ್ದಳು. ಮೂರು ತಿಂಗಳಲ್ಲಿ ಚಿಕ್ಕಮ್ಮ ತನ್ನ ಮಗನನ್ನು ಹೆಸರು ಹಿಡಿದು ಕರೆದರು. ಆ ತುಂಡು ಕಾಗದ ಈಗಲೂ ಅವರ ಟ್ರಂಕಿನಲ್ಲಿದೆ, ಪಾತ್ರಿ ಕೊಟ್ಟ ಗಂಧದ ಪೊಟ್ಟಣದ ಪಕ್ಕದಲ್ಲೇ.